ಗೋಕಟ್ಟೆಯ ಇಳಿಜಾರು

ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲೊಂದು ನಮ್ಮ ಚಳ್ಳಕೆರೆ. ಊರ ಕಾವಲಿನ ಗೋಕಟ್ಟೆಯೇ ಕುರಿ, ದನಗಳಿಗೆ ಆಸರೆ. ಅಜ್ಜನ ಕಾಲದಲ್ಲಿ ಬೇಸಿಗೆ ಬಂದರೆ ಮನೆಗೊಬ್ಬರು ಹೂಳೆತ್ತುತ್ತಿದ್ದರು. ಹೂಳು ಹೊಲಕ್ಕೆ ಗೊಬ್ಬರವಾಗುತ್ತಿತ್ತು.

ಪುಣೆಯಲ್ಲಿರುವ ನಾವು ನಾಲ್ವರು ಹಣ ಕೂಡಿಸಿ, ಜೆಸಿಬಿಯಿಂದ ಅದನ್ನು ಆಳಗೊಳಿಸಿ ಸುತ್ತ ಕಲ್ಲು ಕಟ್ಟಿಸಿದೆವು. ಅದಕ್ಕಾಗಿ ಸಭೆ ಸೇರಿದ್ದು ಹಗಲು 11 ಗಂಟೆಗೆ. ಕುರಿಗಾಹಿಗಳು ಆಗ ಮಂದೆಯೊಡನೆ ದೂರದಲ್ಲಿದ್ದರು. ನೀರೇನೋ ನಿಂತಿತು, ಕಡಿದಾದ ದಡದಲ್ಲಿ ಕುರಿಗಳು ಇಳಿಯಲಾರದಾದವು.

ಮೊನ್ನೆ ಊರಿನಿಂದ ಫೋನು: "ನಿಮ್ಮ ಕಟ್ಟೇಲಿ ಹೂಳು ತುಂಬೈತೆ, ಯಾವಾಗ ಎತ್ತಿಸ್ತೀರಿ?"

'ನಮ್ಮ ಕಟ್ಟೆ' 'ನಿಮ್ಮ ಕಟ್ಟೆ'ಯಾಗಿತ್ತು. ಈ ಸಲ ಹಣಕ್ಕೆ ಮೊದಲು, ರಾತ್ರಿ ಹಟ್ಟಿಯಲ್ಲಿ ಕುಳಿತು, ಇಳಿಜಾರು ಎಲ್ಲಿರಬೇಕೆಂದು ಕುರಿಗಾಹಿಗಳನ್ನು ಕೇಳಬೇಕಾಗಿದೆ.