ವಾರಸುದಾರರಿಲ್ಲದ ತಂಡ

ನಮ್ಮ ಹಾಸ್ಟೆಲ್ ರೂಮಿನಲ್ಲಿ ಒಂದು ನೀಲಿ ಟೀ ಶರ್ಟ್ ಇದೆ. ಎದೆ ಮೇಲೆ ದೊಡ್ಡ ನಕ್ಷತ್ರ, ಕೆಳಗೆ ಡಲ್ಲಾಸ್ ಕೌಬಾಯ್ಸ್ ಅಂತ ಹೆಸರು. ನಮ್ಮಲ್ಲೊಬ್ಬನ ದೊಡ್ಡಪ್ಪನ ಮಗ ಡಲ್ಲಾಸ್‌ನಲ್ಲಿ ಕೆಲಸದಲ್ಲಿದ್ದಾರೆ, ಕಳೆದ ವರ್ಷ ಊರಿಗೆ ಬಂದಾಗ ತಂದುಕೊಟ್ಟಿದ್ದು. ಯಾರ ಹತ್ತಿರ ಒಗೆದ ಬಟ್ಟೆ ಇಲ್ಲವೋ ಅವತ್ತಿಗೆ ಅದು ಅವರ ಪಾಲು. ಹೀಗೆ ನಾಲ್ಕೂ ಜನ ಸರದಿ ಮೇಲೆ ಹಾಕ್ಕೊಂಡು ಓಡಾಡಿದ್ದೀವಿ. ಆದರೆ ಆ ಆಟದ ಬಗ್ಗೆ ನಮಗೆ ಗೊತ್ತಿದ್ದಿದ್ದು ಇಷ್ಟೇ: ಚೆಂಡು ಮೊಟ್ಟೆ ಥರ ಇರುತ್ತೆ, ಕಾಲಿಗಿಂತ ಕೈಗೇ ಕೆಲಸ ಜಾಸ್ತಿ, ಆದ್ರೂ ಹೆಸರು ಫುಟ್‌ಬಾಲ್.

ಹೆಚ್ಚು ತಿಳ್ಕೊಂಡಿದ್ದು ಒಂದು ಕೆಟ್ಟ ರಾತ್ರಿ. ನಾವು ನಾಲ್ವರೂ ಕಾಲೇಜಿನ ಗೋ-ಕಾರ್ಟ್ ಟೀಮಿನಲ್ಲಿದ್ದೀವಿ. ಅವತ್ತು ಸಂಜೆ ನಮ್ಮ ಸ್ಪಾನ್ಸರ್ ಕೈಯೆತ್ತಿದ ಸುದ್ದಿ ಬಂತು. ಹದಿನಾರು ಜನರ ಟೀಮು ಅಷ್ಟರಲ್ಲೇ ಏಳಕ್ಕೆ ಇಳಿದಿತ್ತು. ಯಾರಿಗೂ ನಿದ್ದೆ ಬರಲಿಲ್ಲ. ಸುಮ್ನೆ ಫೋನ್ ನೋಡ್ತಾ ಟೀ ಶರ್ಟಿನ ಟೀಮ್ ಯಾವುದು ಅಂತ ಹುಡುಕಿದ್ವಿ. ಕೌಬಾಯ್ಸ್ ಶುರುವಾಗಿದ್ದು 1960ರಲ್ಲಿ. ಆದರೆ ಅದಕ್ಕೂ ಮುಂಚೆ ಡಲ್ಲಾಸ್‌ನಲ್ಲಿ ಇನ್ನೊಂದು ತಂಡ ಇತ್ತು. ಇತ್ತು ಅನ್ನೋದಕ್ಕಿಂತ ಬಂದು ಹೋಯ್ತು ಅನ್ನಬೇಕು. ಅದರ ಆಯುಸ್ಸು ಒಂದೇ ಸೀಸನ್, 1952.

ಆ ತಂಡದ ಹೆಸರು ಡಲ್ಲಾಸ್ ಟೆಕ್ಸಾನ್ಸ್. ನ್ಯೂಯಾರ್ಕ್‌ನಲ್ಲಿ ನಷ್ಟದಲ್ಲಿದ್ದ ಯಾಂಕ್ಸ್ ಅನ್ನೋ ತಂಡ 1952ರ ಆರಂಭದಲ್ಲಿ ಕೈಬದಲಾಯ್ತು. ತೆಗೆದುಕೊಂಡವರು ಜೈಲ್ಸ್ ಮಿಲ್ಲರ್ ಅನ್ನೋ ಡಲ್ಲಾಸ್‌ನ ಜವಳಿ ಉದ್ಯಮಿ ಮತ್ತು ಅವರ ಸಹೋದರ. ಲೆಕ್ಕ ಸರಿಯಾಗೇ ಇತ್ತು. ಟೆಕ್ಸಾಸ್‌ನಲ್ಲಿ ಹೈಸ್ಕೂಲ್ ಮ್ಯಾಚಿಗೂ ಜನ ಮುಗಿಬೀಳ್ತಾರೆ, ಕಾಲೇಜು ಮ್ಯಾಚ್ ಅಂದ್ರೆ ಜಾತ್ರೆ. ಹಾಗಾದ್ರೆ ವೃತ್ತಿಪರ ತಂಡಕ್ಕೆ ಬರಲ್ವಾ? ಆಡೋಕೆ ಕಾಟನ್ ಬೌಲ್ ಅನ್ನೋ ಕ್ರೀಡಾಂಗಣ ಸಿಕ್ತು, ಅದರಲ್ಲಿ ಸುಮಾರು 75,000 ಸೀಟು.

ಸೆಪ್ಟೆಂಬರ್ 28ರ ಮೊದಲ ಪಂದ್ಯಕ್ಕೆ ಬಂದವರು ಸುಮಾರು 17,500 ಜನ. ಜನ ಕಡಿಮೆ ಆಗಿದ್ದಕ್ಕೆ ಕಾರಣ ಒಂದೇ ಅಲ್ಲ. ಆದರೆ ಒಂದು ವಿಷಯ ನಮ್ಮನ್ನ ತಡೆದು ನಿಲ್ಲಿಸ್ತು. ತಂಡದ ಇಬ್ಬರು ದೊಡ್ಡ ಆಕರ್ಷಣೆ, ಬಡ್ಡಿ ಯಂಗ್ ಮತ್ತು ಜಾರ್ಜ್ ಟಾಲಿಯಫೆರೊ, ಕಪ್ಪು ವರ್ಣದವರು. ಟಾಲಿಯಫೆರೊ 1949ರಲ್ಲಿ ಎನ್‌ಎಫ್‌ಎಲ್ ತಂಡವೊಂದು ಡ್ರಾಫ್ಟ್ ಮೂಲಕ ಆರಿಸಿದ ಮೊದಲ ಕಪ್ಪು ಆಟಗಾರ. ಆದರೆ ಅವತ್ತಿನ ಡಲ್ಲಾಸ್‌ನಲ್ಲಿ ವರ್ಣಭೇದ ನಿಯಮವೇ ಆಗಿತ್ತು. ಅವರಿಬ್ಬರ ಆಟ ನೋಡೋಕೆ ಬಂದ ಅವರದೇ ಜನ ಬೇರೆ ಮಾಡಿಟ್ಟ ಜಾಗದಲ್ಲಿ ಕೂರಬೇಕಿತ್ತು. ಇಂಥವರನ್ನ ಮೈದಾನದಲ್ಲಿ ನಂಬಿಕೊಂಡು, ಗ್ಯಾಲರಿಯಲ್ಲಿ ದೂರ ಇಟ್ಟ ಊರು ಯಾವ ಮುಖದಲ್ಲಿ ನಮ್ಮ ತಂಡ ಅನ್ನುತ್ತೆ?

ಆ ಪಂದ್ಯದಲ್ಲೇ ಒಂದು ತಮಾಷೆ ಆಯ್ತು. ಎದುರಾಳಿ ನ್ಯೂಯಾರ್ಕ್ ಜೈಂಟ್ಸ್‌ನ ಒಬ್ಬ ಆಟಗಾರ ಚೆಂಡು ಕೈಬಿಟ್ಟ. ಅದು ಟೆಕ್ಸಾನ್ಸ್‌ಗೆ ಸಿಕ್ತು, ಟಾಲಿಯಫೆರೊ ಎಸೆದ ಚೆಂಡನ್ನ ಯಂಗ್ ಹಿಡಿದು ಟಚ್‌ಡೌನ್ ಮಾಡಿದ್ರು. 6 ಪಾಯಿಂಟ್. ಆಮೇಲೆ ಒಂದೂ ಪಾಯಿಂಟ್ ಬರಲಿಲ್ಲ, 24-6ರ ಸೋಲು. ಚೆಂಡು ಕೈಬಿಟ್ಟವನ ಹೆಸರು ಟಾಮ್ ಲ್ಯಾಂಡ್ರಿ. ಟೆಕ್ಸಾಸ್‌ನವನೇ. ಮುಂದೆ 1960ರಿಂದ 29 ಸೀಸನ್ ಡಲ್ಲಾಸ್ ಕೌಬಾಯ್ಸ್‌ಗೆ ಕೋಚ್ ಆಗಿದ್ದು ಇದೇ ಮನುಷ್ಯ. ಅಂದ್ರೆ ನಮ್ಮ ಟೀ ಶರ್ಟ್ ಇವರ ಕಾಲದ್ದೇ ಮುಂದುವರಿಕೆ.

ಏಳು ಪಂದ್ಯ, ಏಳೂ ಸೋಲು. ನವೆಂಬರ್ ಮಧ್ಯದಲ್ಲಿ ಮಾಲೀಕರು ಇನ್ನು ಆಗಲ್ಲ ಅಂತ ತಂಡವನ್ನ ಲೀಗ್‌ಗೇ ವಾಪಸ್ ಕೊಟ್ಟುಬಿಟ್ರು. ಇನ್ನೂ ಐದು ಪಂದ್ಯ ಬಾಕಿ ಇತ್ತು. ಲೀಗ್ ಅವರನ್ನ ಪೆನ್ಸಿಲ್ವೇನಿಯಾದ ಹರ್ಷಿಗೆ ಕಳಿಸ್ತು. ಚಾಕಲೇಟ್ ಮೇಲಿರೋ ಅದೇ ಹೆಸರಿನ ಊರು. ಅಲ್ಲಿಂದಾಚೆ ಟೆಕ್ಸಾಸ್ ಹೆಸರಿಟ್ಟುಕೊಂಡ ತಂಡ ಟೆಕ್ಸಾಸ್‌ನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಇನ್ನೂ ಎರಡು ಸೋಲು ಸೇರಿ ಒಂಬತ್ತಾಯ್ತು.

ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ‘ಬೇವಾರ್ಸಿ’ ಅಂದ್ರೆ ಬೈಗುಳ ಅಂತಷ್ಟೇ ಗೊತ್ತಿತ್ತು. ವಾರಸುದಾರ ಇಲ್ಲದವನು ಅನ್ನೋದು ಅದರ ಅರ್ಥ ಅಂತ ಪಕ್ಕದ ರೂಮಿನ ಸೀನಿಯರ್ ಹೇಳಿಕೊಟ್ರು. ಆ ರಾತ್ರಿ ಆ ಪದ ಸರಿಯಾಗಿ ಅರ್ಥ ಆಯ್ತು. ಮಾಲೀಕ ಇಲ್ಲ, ಊರಿಲ್ಲ, ಸ್ವಂತ ಮೈದಾನ ಇಲ್ಲ. ಸ್ಪಾನ್ಸರ್ ಕೂಡ ಇಲ್ಲ ಅಂತ ನಮ್ಮಲ್ಲೊಬ್ಬ ಮೆಲ್ಲಗೆ ಸೇರಿಸಿದ.

ಹತ್ತನೇ ಪಂದ್ಯ ನವೆಂಬರ್ 27ಕ್ಕೆ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ. ಜಾಗ ಒಹಾಯೊದ ಆಕ್ರನ್. ಟೈರ್ ಕಾರ್ಖಾನೆಗಳ ಊರು, ಕ್ರೀಡಾಂಗಣದ ಹೆಸರೇ ರಬ್ಬರ್ ಬೌಲ್. ಎದುರಾಳಿ ಚಿಕಾಗೊ ಬೇರ್ಸ್, ಅದೇ ಸೀಸನ್‌ನಲ್ಲಿ ಆಗಲೇ ಒಂದು ಸಲ ಇವರನ್ನ ಸೋಲಿಸಿದ್ದ ತಂಡ. ನೋಡೋಕೆ ಬಂದವರು ಬರೀ 3,000ದ ಆಸುಪಾಸು. ಪಂದ್ಯದ ಮುಂಚೆ ಟೆಕ್ಸಾನ್ಸ್ ಕೋಚ್ ಜಿಮ್ಮಿ ಫೀಲನ್ ತಮ್ಮ ಹುಡುಗರಿಗೆ, ಮೈಕಿನಲ್ಲಿ ಹೆಸರು ಹೇಳಿಸೋದು ಯಾಕೆ, ನೀವೇ ಗ್ಯಾಲರಿಗೆ ಹೋಗಿ ಒಬ್ಬೊಬ್ಬರ ಕೈ ಕುಲುಕಿ ಬನ್ನಿ ಅಂದಿದ್ರಂತೆ.

ಬೇರ್ಸ್ ಕೋಚ್ ಜಾರ್ಜ್ ಹಾಲಸ್ ಈ ತಂಡಕ್ಕೆ ಇಷ್ಟು ಸಾಕು ಅಂತ ಎರಡನೇ ಸಾಲಿನ ಆಟಗಾರರನ್ನ ಇಳಿಸಿ ಶುರು ಮಾಡಿದ್ರು. ಟೆಕ್ಸಾನ್ಸ್ ಮುಂದೆ ಹೋಯ್ತು. ಕೊನೇ ಭಾಗದಲ್ಲಿ ಬೇರ್ಸ್ ಎದ್ದು ನಿಂತು 23-20 ಮಾಡಿತು. ಇಲ್ಲಿಗೆ ಮುಗೀತು ಅಂತ ಯಾರಾದ್ರೂ ಅಂದುಕೊಳ್ಳಬೇಕು. ಹತ್ತನೇ ಸೋಲು ಆದ್ರೂ ಬೈಯೋಕೆ ಮಾಲೀಕ ಇಲ್ಲ, ಬೇಜಾರಾಗೋಕೆ ಊರಿಲ್ಲ. ಆದರೆ ಅವರು ಮತ್ತೆ ಚೆಂಡು ಹಿಡಿದು ಮೈದಾನದುದ್ದಕ್ಕೂ ಮುಂದೆ ಬಂದ್ರು. ಕ್ವಾರ್ಟರ್‌ಬ್ಯಾಕ್ ಫ್ರಾಂಕ್ ಟ್ರಿಪುಕಾ ಕೊನೆಯ ಒಂದು ಗಜ ತಾನೇ ನುಗ್ಗಿ ದಾಟಿದ. 27-23. ಆ ತಂಡದ ಮೊದಲ ಗೆಲುವು. ಕೊನೆಯದೂ ಅದೇ. ಮುಂದಿನ ಎರಡು ಪಂದ್ಯ ಸೋತು, 1-11ಕ್ಕೆ ಸೀಸನ್ ಮುಗೀತು, ತಂಡವೂ ಮುಗೀತು. ಅದಾದ ಮೇಲೆ ಎನ್‌ಎಫ್‌ಎಲ್‌ನಲ್ಲಿ ಯಾವ ತಂಡವೂ ಹೀಗೆ ಮುಚ್ಚಿಹೋಗಿಲ್ಲ.

ಆಟಗಾರರು 1953ರಲ್ಲಿ ಬಾಲ್ಟಿಮೋರ್‌ಗೆ ಹೊಸದಾಗಿ ಕೊಟ್ಟ ಕೋಲ್ಟ್ಸ್ ತಂಡದ ಪಾಲಾದ್ರು. ಅವರಲ್ಲಿ ಜೀನೊ ಮಾರ್ಕೆಟ್ಟಿ ಮತ್ತು ಆರ್ಟ್ ಡೊನೊವನ್ ಇದ್ರು. 1958ರ ಡಿಸೆಂಬರ್ 28ಕ್ಕೆ ಯಾಂಕೀ ಸ್ಟೇಡಿಯಂನಲ್ಲಿ ಕೋಲ್ಟ್ಸ್ ಇದೇ ಜೈಂಟ್ಸ್ ತಂಡವನ್ನ ಹೆಚ್ಚುವರಿ ಸಮಯದಲ್ಲಿ 23-17ರಿಂದ ಸೋಲಿಸಿ ಚಾಂಪಿಯನ್ ಆಯ್ತು. ಎದುರಾಳಿಯನ್ನ ತಡೆಯೋ ಭರದಲ್ಲಿ ಮಾರ್ಕೆಟ್ಟಿ ಕಾಲು ಮುರೀತು, ಆದರೂ ಸ್ಟ್ರೆಚರ್ ಮೇಲೆ ಮೈದಾನದ ಅಂಚಿನಲ್ಲೇ ಇದ್ದು ನೋಡಿದ. ಇಬ್ಬರೂ ಮುಂದೆ ಹಾಲ್ ಆಫ್ ಫೇಮ್ ಸೇರಿದ್ರು.

ನೋಡ್ರೋ, ಸೋಲೇ ಗೆಲುವಿನ ಸೋಪಾನ ಅಂತ ನಮ್ಮಲ್ಲೊಬ್ಬ ಎದ್ದು ಕೂತ. ಇನ್ನೊಬ್ಬ ಅಲ್ಲೇ ತಡೆದ. ಆ ತಂಡದ ಮಿಕ್ಕವರೆಲ್ಲ ಏನಾದ್ರು? ಗೆದ್ದವರನ್ನ ಮಾತ್ರ ಎಣಿಸಿದ್ರೆ ಡೇಟಾ ತಪ್ಪಾಗುತ್ತೆ. ಕೋಲ್ಟ್ಸ್‌ಗೆ 1954ರಲ್ಲಿ ಹೊಸ ಕೋಚ್ ಬಂದ್ರು, 1956ರಲ್ಲಿ ಜಾನಿ ಯುನಿಟಾಸ್ ಅನ್ನೋ ಕ್ವಾರ್ಟರ್‌ಬ್ಯಾಕ್ ಬಂದ. ಗೆದ್ದಿದ್ದಕ್ಕೆ ಅವೂ ಕಾರಣ. ಮೇಲಾಗಿ ಕೋಲ್ಟ್ಸ್ ತನ್ನ ಇತಿಹಾಸದಲ್ಲಿ ಆ 1-11 ಸೀಸನ್ನನ್ನ ಲೆಕ್ಕಕ್ಕೇ ಇಟ್ಟುಕೊಂಡಿಲ್ಲ. ಸೀಸನ್ ಕೂಡ ಬೇವಾರ್ಸಿ.

ಇಬ್ಬರ ವಾದಾನೂ ಕೇಳಿದ ಮೇಲೆ ನಮಗೆ ಉಳಿದಿದ್ದು ಆಕ್ರನ್ ಮಾತ್ರ. 23-20ಕ್ಕೆ ಹಿಂದೆ ಬಿದ್ದಾಗ ಅವರಿಗೆ 1958 ಗೊತ್ತಿರಲಿಲ್ಲ. ಗೆದ್ರೂ ತಂಡ ಉಳಿಯೋ ಭರವಸೆ ಇರಲಿಲ್ಲ. ಆ ಗೆಲುವಿನಿಂದ ಏನೂ ಬದಲಾಗಲೂ ಇಲ್ಲ. ಆದರೂ ಆಡಿದ್ರು. ಅದಕ್ಕೆ ಕಾರಣ ಏನು ಅಂತ ನಾವು ಬೆಳಗಿನ ಜಾವದ ತನಕ ಜಗಳ ಆಡಿದ್ವಿ. ಕೆಲಸ ಅಂತ ಒಬ್ಬ, ಸಂಬಳ ಅಂತ ಒಬ್ಬ, ರೋಷ ಅಂತ ಇನ್ನೊಬ್ಬ. ಇನ್ನೂ ಮೂರು ಪಂದ್ಯ ಬಾಕಿ ಇತ್ತಲ್ಲ ಅಂತ ಕೊನೆಯವನು. ಅದೇ ಸರಿ ಅನ್ನಿಸ್ತು.

ನಮ್ಮ ಇವೆಂಟಿನ ಫೀಸು ಆಗಲೇ ಕಟ್ಟಿದ್ದೀವಿ. ಸೀನಿಯರ್‌ಗಳ ಹಳೇ ಚಾಸಿ ಇದೆ, ಸೆಕೆಂಡ್ ಹ್ಯಾಂಡ್ ಟೈರ್ ಸಿಕ್ಕಿದೆ, ಏಳು ಜನ ಇದ್ದೀವಿ. ಗೆಲ್ತೀವಿ ಅಂತ ಯಾರೂ ಹೇಳ್ತಿಲ್ಲ. ಬ್ರೇಕ್ ಟೆಸ್ಟ್ ಪಾಸಾದ್ರೆ ಸಾಕು. ನೀಲಿ ಟೀ ಶರ್ಟ್‌ಗೆ ಈಗ ಗ್ರೀಸ್ ಅಂಟಿದೆ, ಒಗೆದರೂ ಹೋಗ್ತಿಲ್ಲ.

ಶನಿವಾರ ಸಂಜೆ ನಾಲ್ಕಕ್ಕೆ ವರ್ಕ್‌ಶಾಪ್ ಹಿಂದೆ ಗಾಡಿ ಓಡಿಸಿ ನೋಡ್ತೀವಿ. ಬಿಡುವಿದ್ರೆ ಬನ್ನಿ. ಮೂರು ಸಾವಿರ ಜನ ಬೇಡ. ಬಂದಷ್ಟೂ ಜನರ ಕೈ ಕುಲುಕಿಯೇ ಗಾಡಿ ಸ್ಟಾರ್ಟ್ ಮಾಡ್ತೀವಿ.