ಗರಡಿಯ ಮಣ್ಣು, ಡಾಕ್ಟರ ಷಾಪಿನ ಪಟ್ಟಿ

ಮೈಸೂರಿನ ನಮ್ಮ ಬೀದಿಯ ಗರಡಿಮನೆಯನ್ನು ಕೆಡವಿ ಹಾಕಿದರು. ಅಲ್ಲೀಗ ಕಾರು ನಿಲ್ಲಿಸುತ್ತಾರೆ. ಮಟ್ಟಿಯ ಕೆಂಪು ಮಣ್ಣನ್ನು ಲಾರಿಗೆ ತುಂಬುತ್ತಿದ್ದಾಗ ಪಕ್ಕದ ಮನೆಯ ಕಾಲೇಜು ಹುಡುಗಿ, ಮಂಡಿಗೆ ಕಪ್ಪು ನೀ ಕ್ಯಾಪ್ ಏರಿಸಿಕೊಂಡಿದ್ದವಳು, "ಇಲ್ಲಿ ಬರೀ ಕುಸ್ತಿ ಆಡ್ತಿದ್ರಾ ಅಂಕಲ್?" ಎಂದು ಕೇಳಿದಳು. ಕುಸ್ತಿ ಆಡುತ್ತಿದ್ದವರು ಬೆರಳೆಣಿಕೆಯ ಹುಡುಗರು. ಮೊಹಲ್ಲಾದ ಉಳಿದವರೆಲ್ಲ ಅಲ್ಲಿಗೆ ಹೋಗುತ್ತಿದ್ದದ್ದು ಉಳುಕು ತೆಗೆಸಿಕೊಳ್ಳಲು.

ನಾನು ಹೇಳುತ್ತಿರುವುದು ಎಪ್ಪತ್ತರ ದಶಕದ ಕೊನೆಯ ಮಾತು. ಗರಡಿಯ ಎದುರು ಸಾಲಿನ ಡಾಕ್ಟರ ಷಾಪಿನಲ್ಲಿ ನಾನು ಕಾಂಪೌಂಡರ್. ಮಿಕ್ಸ್ಚರ್ ಕಲಸುವುದು, ಗಾಯ ತೊಳೆಯುವುದು, ಪಟ್ಟಿ ಕಟ್ಟುವುದು ನನ್ನ ಕೆಲಸ. ಕಾಲು ಹೊರಳಿದವರು ಮಾತ್ರ ನಮ್ಮ ಮೆಟ್ಟಿಲು ಹತ್ತುತ್ತಿರಲಿಲ್ಲ. ನೇರವಾಗಿ ಗರಡಿಯ ಉಸ್ತಾದರ ಹತ್ತಿರ ಹೋಗುತ್ತಿದ್ದರು. ಅದರಲ್ಲಿ ಆಶ್ಚರ್ಯವೇನೂ ಇಲ್ಲ. ದಸರೆಯಲ್ಲಿ ವಿಜಯದಶಮಿಯ ಬೆಳಿಗ್ಗೆ ಅರಮನೆಯಲ್ಲಿ ವಜ್ರಮುಷ್ಟಿ ಕಾಳಗ ಆಡುವ ಜೆಟ್ಟಿಗಳ ಊರು ಇದು. ಮೈ ಉಜ್ಜುವುದು, ನರ ಬಿಡಿಸುವುದು, ಕೀಲು ಸರಿಮಾಡುವುದು ಇಲ್ಲಿ ಕುಸ್ತಿಯ ವಿದ್ಯೆಯದೇ ಇನ್ನೊಂದು ಭಾಗ.

ಉಸ್ತಾದರು ಕುಳ್ಳಗಿದ್ದರು. ಕಿವಿ ಎರಡೂ ಕುಸ್ತಿಯಲ್ಲಿ ಜಜ್ಜಿ ಮುದುಡಿದ್ದವು. ಗರಡಿಯೊಳಗೆ ಕಾಲಿಟ್ಟರೆ ಮೊದಲು ಮಟ್ಟಿಯ ವಾಸನೆ ಬಡಿಯುತ್ತಿತ್ತು. ಕೆಮ್ಮಣ್ಣಿಗೆ ಅರಿಸಿನ, ಕರ್ಪೂರ, ಸಾಂಬ್ರಾಣಿ, ನಿಂಬೆರಸ, ಎಣ್ಣೆ ಬೆರೆಸಿ ತುಳಿದು ಹದ ಮಾಡಿದ ಮಣ್ಣು ಅದು. ಅದರ ಮೇಲೆ ಹುಡುಗರ ಬೆವರು, ಮೂಲೆಯಲ್ಲಿ ಆಂಜನೇಯನ ಮುಂದೆ ಉರಿಯುವ ದೀಪದ ಎಣ್ಣೆ. ನೋವಿನಲ್ಲಿ ಬಂದವರಿಗೆ ಆ ವಾಸನೆಯಿಂದಲೇ ಅರ್ಧ ಧೈರ್ಯ ಬರುತ್ತಿತ್ತು.

ಅವರು ಉಳುಕಿದ ಕಾಲನ್ನು ಮೊದಲು ಮುಟ್ಟುತ್ತಿರಲಿಲ್ಲ. ಚೆನ್ನಾಗಿರುವ ಕಾಲನ್ನು ಮಡಿಲಲ್ಲಿಟ್ಟುಕೊಂಡು ಹೆಬ್ಬೆರಳಿನಿಂದ ಗಿಣ್ಣಿನ ಸುತ್ತ ಒತ್ತಿ ನೋಡುತ್ತಿದ್ದರು. ಈ ಮನುಷ್ಯನ ಕೀಲು ಹುಟ್ಟಿನಿಂದ ಹೇಗಿದೆ ಎಂದು ತಿಳಿದುಕೊಂಡ ಮೇಲೆಯೇ ಊದಿದ ಕಾಲು. ಎಣ್ಣೆಯನ್ನು ಅಂಗೈಯಲ್ಲಿ ಬಿಸಿಯಾಗುವ ತನಕ ತಿಕ್ಕಿ, ಬೆರಳ ಕಡೆಯಿಂದ ಮೇಲಕ್ಕೆ ನೀವುತ್ತಿದ್ದರು. ಮೇಲಿನಿಂದ ಕೆಳಕ್ಕೆ ಎಂದೂ ಇಲ್ಲ. ಮೊಟ್ಟೆಯ ಬಿಳಿಯಲ್ಲಿ ಉದ್ದಿನ ಹಿಟ್ಟು ಕಲಸಿ, ಹಳೇ ಪಂಚೆಯ ಬಟ್ಟೆಯ ಮೇಲೆ ಬಳಿದು ಸುತ್ತಿ ಕಟ್ಟಿದರೆ ಒಣಗಿ ಗಟ್ಟಿಯಾಗುತ್ತಿತ್ತು. ಅದನ್ನು ಹೆಚ್ಚು ದಿನ ಇಡಗೊಡುತ್ತಿರಲಿಲ್ಲ. "ಬಿಚ್ಚು, ಪಾದ ಆಡಿಸು, ನಡಿ" ಎಂದು ಗದರುತ್ತಿದ್ದರು. ದುಡ್ಡು ಮುಟ್ಟುತ್ತಿರಲಿಲ್ಲ. ಶನಿವಾರ ಆಂಜನೇಯನಿಗೆ ಎಲೆ ಅಡಿಕೆ, ಒಂದು ತೆಂಗಿನಕಾಯಿ.

ನಮ್ಮ ಷಾಪಿಗೆ ಕ್ರೇಪ್ ಬ್ಯಾಂಡೇಜ್ ಬಂದದ್ದು ಆ ಕಾಲದಲ್ಲೇ. ಗೋಧಿ ಬಣ್ಣದ ಸುರುಳಿ, ಜೊತೆಗೆ ಹಲ್ಲಿರುವ ಎರಡು ತಗಡಿನ ಕ್ಲಿಪ್ಪು. ಕ್ಲಿಪ್ಪು ಎರಡೇ ದಿನಕ್ಕೆ ಕಳೆದುಹೋಗುತ್ತಿತ್ತು, ಆಮೇಲೆ ಪಿನ್ನೇ ಗತಿ. ಸುದ್ದಿ ತಿಳಿದು ಉಸ್ತಾದರು ತಾವೇ ರಸ್ತೆ ದಾಟಿ ಬಂದರು. ಸುರುಳಿಯ ತುದಿ ಹಿಡಿದು ಎಳೆದರು, ಬಿಟ್ಟರು, ಮತ್ತೆ ಎಳೆದರು. "ರಬ್ಬರ್ ಹಾಕಿದಾರಾ?" ಎಂದರು. ರಬ್ಬರ್ ಇಲ್ಲ, ಹತ್ತಿಯ ನೂಲನ್ನೇ ಬಿಗಿಯಾಗಿ ಹುರಿ ಮಾಡಿ ನೇಯ್ದಿದ್ದಾರೆ, ಆ ಹುರಿಯೇ ಎಳೆತ ಕೊಡುತ್ತದೆ, ಒಗೆದರೆ ಎಳೆತ ಮರಳಿ ಬರುತ್ತದೆ ಎಂದು ಡಾಕ್ಟರು ವಿವರಿಸಿದರು. ಉಸ್ತಾದರು ತಮ್ಮ ಕಾಲನ್ನೇ ಸ್ಟೂಲಿನ ಮೇಲಿಟ್ಟು "ಕಟ್ಟು ನೋಡೋಣ" ಎಂದು ನನಗೆ ಹೇಳಿದರು.

ನನ್ನ ಡಾಕ್ಟರು ಕಲಿಸಿದ ಹಾಗೆ ಕಟ್ಟಿದೆ. ಪಾದ ನೆಟ್ಟಗೆ ನಿಂತ ಹಾಗಿರಬೇಕು, ಕೆಳಕ್ಕೆ ಜೋತು ಬಿದ್ದಿರಬಾರದು. ಬೆರಳ ಬುಡದಲ್ಲಿ ಎರಡು ಸುತ್ತು. ಅಲ್ಲಿಂದ ಪಾದದ ಮೇಲೆ ಓರೆಯಾಗಿ ಹೋಗಿ, ಗಿಣ್ಣಿನ ಹಿಂದೆ ಬಳಸಿ, ಮತ್ತೆ ಪಾದದಡಿಗೆ. ಹೀಗೆ ಇಂಗ್ಲಿಷಿನ ಎಂಟರ ಆಕಾರ. ಪ್ರತಿ ಸುತ್ತೂ ಹಿಂದಿನದರ ಅರ್ಧವನ್ನು ಮುಚ್ಚಬೇಕು. ಬಿಗಿ ಕೆಳಗೆ ಹೆಚ್ಚು, ಮೇಲೆ ಹೋದಂತೆ ಕಡಿಮೆ. ಕೊನೆಗೆ ಹೆಬ್ಬೆರಳ ಉಗುರನ್ನು ಒತ್ತಿ ಬಿಟ್ಟೆ. ಬೆಳ್ಳಗಾದ ಉಗುರಿಗೆ ಕೂಡಲೇ ಕೆಂಪು ಬಂತು. ಉಸ್ತಾದರು ಎದ್ದು ಗರಡಿಯ ತನಕ ನಡೆದು ಹೋಗಿ ಬಂದರು. "ಬಾವು ಹಿಡಿಯೋಕೆ ನಿಮ್ಮ ಪಟ್ಟಿ ಒಳ್ಳೇದು ಡಾಕ್ಟ್ರೇ" ಎಂದರು. ಅಂದಿನಿಂದ ಅವರು ನೀವಿ ಕಳಿಸಿದವರಿಗೆ ನಾನು ಕಟ್ಟುತ್ತಿದ್ದೆ. ಕತ್ತು ಹಿಡಿದು ಬಂದವರನ್ನು ಡಾಕ್ಟರು ಅವರ ಹತ್ತಿರ ಕಳಿಸುತ್ತಿದ್ದರು.

ಸುರುಳಿ ಆಗಿನ ಕಾಲಕ್ಕೆ ದುಬಾರಿ. ದೇವರಾಜ ಮಾರುಕಟ್ಟೆಯಲ್ಲಿ ಹೂ ಮಾರುವ ಹೆಂಗಸೊಬ್ಬಳು ಮಣಿಕಟ್ಟು ಉಳುಕಿಸಿಕೊಂಡು ಬಂದಳು. ಬೆಲೆ ಕೇಳಿ, "ಅರ್ಧ ಕತ್ತರಿಸಿ ಕೊಡಿ ಸಾಮಿ" ಎಂದಳು. ಕತ್ತರಿಸಿದರೆ ಅಂಚು ಬಿಚ್ಚಿ ಹಾಳಾಗುತ್ತದೆ ಎಂದೆ. "ಹಂಗಾದ್ರೆ ಬಾಡಿಗೆಗೆ ಕೊಡಿ, ಕೈ ನೆಟ್ಟಗಾದ್ ಮೇಲೆ ಒಗೆದು ತಂದ್ಕೊಡ್ತೀನಿ." ಒಳಗೆ ಕುಳಿತಿದ್ದ ಡಾಕ್ಟರು ಕೇಳಿಸಿಕೊಂಡು ಕೊಡು ಎಂದರು. ಬಾಡಿಗೆ ಎಷ್ಟು ಎನ್ನುವುದಕ್ಕೂ ಅವಳು ಚೌಕಾಸಿ ಮಾಡಿ, ಕೊನೆಗೆ ಒಂದು ಮೊಳ ಮಲ್ಲಿಗೆಗೆ ಇಳಿಸಿದಳು. ಹೇಳಿದ ಹಾಗೆ ಸೋಪಿನಲ್ಲಿ ಒಗೆದು, ನೆರಳಲ್ಲಿ ಹರವಿ ಒಣಗಿಸಿ, ಸುರುಳಿ ಸುತ್ತಿ ತಂದಳು. ಆ ಪಟ್ಟಿ ಎಷ್ಟು ಕೈಕಾಲು ಕಂಡಿತೋ ಲೆಕ್ಕವಿಲ್ಲ.

ಹಾಗೆಂದು ಹಳೆಯದೆಲ್ಲ ಒಳ್ಳೆಯದು ಎಂದು ನಾನು ಹೇಳಲಾರೆ. ಉಸ್ತಾದರ ಬೆರಳಿಗೆ ಎಕ್ಸ್‌ರೇ ಕಣ್ಣಿರಲಿಲ್ಲ. ನಮ್ಮ ಬೀದಿಯ ಒಬ್ಬ ಹುಡುಗನ ಗಿಣ್ಣಿನ ಮೂಳೆ ಬಿರಿದಿದ್ದನ್ನು ಅವರು ಉಳುಕೆಂದೇ ನೀವಿದರು. ಅವನು ಇವತ್ತಿಗೂ ಎಡಗಾಲು ಎಳೆದು ನಡೆಯುತ್ತಾನೆ. ಹಳ್ಳಿಯೊಂದರಿಂದ ಬಂದ ಹುಡುಗನ ಮುಂಗೈಗೆ ಅಲ್ಲಿ ಯಾರೋ ಬಿದಿರ ದಬ್ಬೆ ಇಟ್ಟು ಬಿಗಿದಿದ್ದರು. ಬಿಚ್ಚಿದಾಗ ಬೆರಳುಗಳು ಒಳಕ್ಕೆ ಮಡಚಿಕೊಂಡು ಹಾಗೇ ನಿಂತಿದ್ದವು. 1881ರಲ್ಲಿ ಜರ್ಮನಿಯ ವೈದ್ಯ ಫೋಲ್ಕ್‌ಮನ್ ಬರೆದಿಟ್ಟ ಊನವೇ ಇದು, ಅವರ ಹೆಸರಿನಿಂದಲೇ ಕರೆಯುತ್ತಾರೆ. ರಕ್ತ ಹರಿಯದೆ ಕೆಲವೇ ಗಂಟೆ ಕಳೆದರೆ ಮುಂಗೈಯ ಮಾಂಸಖಂಡ ಸಾಯುತ್ತದೆ, ಮರಳಿ ಬರುವುದಿಲ್ಲ. ಆ ಹುಡುಗನ ತಾಯಿಯ ಮುಖ ನೋಡಿದವನು ಹಳೇ ಕಟ್ಟುಗಳ ಗುಣಗಾನ ಮಾಡಲಾರ.

ಆದರೆ ಆಗ ಪಟ್ಟಿಯ ಜೊತೆ ಒಂದು ಕೈ ಇರುತ್ತಿತ್ತು. ತಪ್ಪಿದರೂ ಮಾರನೇ ದಿನ ಹೋಗಿ ಕೇಳಬಹುದಾದ ಕೈ. ಡಾಕ್ಟರ ಷಾಪುಗಳು ಮುಚ್ಚಿದವು, ಕಾಂಪೌಂಡರ್ ಎನ್ನುವ ಕಸುಬೇ ಹೋಯಿತು. ಈಗ ಮೊಬೈಲಿನಲ್ಲಿ ಒತ್ತಿದರೆ ನೀ ಕ್ಯಾಪ್ ಸ್ಮಾಲ್, ಮೀಡಿಯಂ, ಲಾರ್ಜ್ ಎಂದು ಕಾಲುಚೀಲದ ಹಾಗೆ ಮನೆ ಬಾಗಿಲಿಗೆ ಬರುತ್ತದೆ. ಡಬ್ಬಿಯ ಮೇಲಿನ ಸೂಚನೆ ಇರುವೆ ಗಾತ್ರದ ಇಂಗ್ಲಿಷಿನಲ್ಲಿ. ಅರವತ್ತು ದಾಟಿದ ಹೆಂಗಸರು ಮಂಡಿಗೆ ಏರಿಸಿದ್ದನ್ನು ರಾತ್ರಿಯೂ ತೆಗೆಯದೆ, ಕಾಲು ಜೋಮು ಹಿಡಿದು, ಪಾದ ಊದಿಸಿಕೊಂಡು ಕೂರುತ್ತಾರೆ. ಸವೆದ ಮಂಡಿಗೆ ಬೇಕಾದದ್ದು ತೊಡೆಯ ಮಾಂಸಖಂಡಕ್ಕೆ ವ್ಯಾಯಾಮ. ಅದನ್ನು ಹೇಳುವವರಿಲ್ಲ, ಮಾರುವವರು ಬೇಕಾದಷ್ಟು ಮಂದಿ. ಇದನ್ನು ಪ್ರಗತಿ ಎಂದು ಕರೆಯಲು ನನಗೆ ಮನಸ್ಸಿಲ್ಲ.

ವೈದ್ಯವೂ ನಿಂತ ನೀರಲ್ಲ. 1978ರಲ್ಲಿ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ ಉಳುಕಿನಂಥ ಪೆಟ್ಟಿಗೆ ವಿಶ್ರಾಂತಿ, ಮಂಜುಗಡ್ಡೆ, ಬಿಗಿಪಟ್ಟಿ, ಕಾಲು ಎತ್ತರಿಸಿಡುವುದು ಎಂಬ ಸೂತ್ರ ಕೊಟ್ಟರು. ಪೂರ್ತಿ ವಿಶ್ರಾಂತಿಯೂ ಮಂಜುಗಡ್ಡೆಯೂ ವಾಸಿಯಾಗುವುದನ್ನು ತಡ ಮಾಡಬಹುದು ಎಂದು ಅವರೇ ಆಮೇಲೆ ಒಪ್ಪಿಕೊಂಡರು. ಉಳುಕಿದ ಗಿಣ್ಣಿಗೆ ಎಳೆಯುವ ಪಟ್ಟಿಗಿಂತ ಎರಡೂ ಬದಿಯಲ್ಲಿ ಗಟ್ಟಿ ಆಸರೆ ಇರುವ ಬ್ರೇಸ್ ಕಟ್ಟಿದವರು ಬೇಗ ಕೆಲಸಕ್ಕೆ ಮರಳುತ್ತಾರೆ ಎಂದು ಪರೀಕ್ಷೆಗಳೂ ತೋರಿಸಿವೆ. ಬೇಗ ಆಡಿಸಬೇಕು, ತಡೆಯುವಷ್ಟು ಭಾರ ಬಿಡಬೇಕು ಎಂದು ಈಗ ಎಲ್ಲೆಡೆ ಹೇಳುತ್ತಾರೆ. ಉಸ್ತಾದರು "ಬಿಚ್ಚು, ನಡಿ" ಎಂದು ಗದರುತ್ತಿದ್ದದ್ದು ಯಾವ ದಾಖಲೆಯಲ್ಲೂ ಇಲ್ಲ. ನಾನು ಕಿವಿಯಾರೆ ಕೇಳಿದ್ದೇನೆ.

ಔಷಧಿ ಅಂಗಡಿಯವರಲ್ಲಿ ನನ್ನದೊಂದು ಕೋರಿಕೆ. ಅಂಗಡಿಯಲ್ಲಿ ಒಂದು ಸ್ಟೂಲು ಇಡಿ. ಪಟ್ಟಿ ಕೊಂಡವರಿಗೆ ಮೊದಲ ಸಲ ನೀವೇ ಕಟ್ಟಿ ತೋರಿಸಿ. ಬೆರಳುಗಳು ಹೊರಗಿರಲಿ, ರಾತ್ರಿ ಬಿಚ್ಚಲಿ, ಜೋಮು ಹಿಡಿದರೆ ಕೂಡಲೇ ಸಡಿಲಿಸಲಿ ಎಂದು ಕನ್ನಡದಲ್ಲಿ ಬಾಯಿಬಿಟ್ಟು ಹೇಳಿ. ಗಿಣ್ಣಿನ ಮೂಳೆಯನ್ನೇ ಒತ್ತಿದಾಗ ನೋಯುವವರಿಗೆ, ನಾಲ್ಕು ಹೆಜ್ಜೆ ಇಡಲಾಗದವರಿಗೆ ಪಟ್ಟಿ ಮಾರಬೇಡಿ, ಎಕ್ಸ್‌ರೇಗೆ ಕಳಿಸಿ.