ಪಾಲುದಾರನ ಲೆಕ್ಕ

ಟೆನಿಸ್ ಎಂದೊಡನೆ ವಿಂಬಲ್ಡನ್ನಿನ ಹಸಿರು ಅಂಗಳವೂ ಕೋಟಿಗಟ್ಟಲೆ ಬಹುಮಾನವೂ ಜನರ ಕಣ್ಣಿಗೆ ಕಟ್ಟುತ್ತವೆ. ಡಬಲ್ಸ್ ಆಟವನ್ನೇ ವೃತ್ತಿಯಾಗಿಸಿಕೊಂಡ ಕೆಳಶ್ರೇಯಾಂಕದ ಆಟಗಾರನ ಬಾಳು ಬೇರೆಯೇ ಬಗೆಯದು. ಆತನು ಆರಂಭಿಸುವ ಕೆಳಹಂತದ ಅಂತಾರಾಷ್ಟ್ರೀಯ ಪಂದ್ಯಾವಳಿಯ ಒಟ್ಟು ಬಹುಮಾನ 15,000 ಡಾಲರ್. ಅದರ ದೊಡ್ಡ ಭಾಗ ಸಿಂಗಲ್ಸ್ ಆಟಗಾರರಿಗೆ ಸಲ್ಲುತ್ತದೆ. ಉಳಿದುದರಲ್ಲಿ ತನಗೆ ಬಂದುದನ್ನು ಆತನು ಜೊತೆಗಾರನೊಡನೆ ಸಮನಾಗಿ ಹಂಚಿಕೊಳ್ಳಬೇಕು. ಪ್ರಯಾಣದ ವೆಚ್ಚ ಸಾಮಾನ್ಯವಾಗಿ ಸ್ವಂತದ್ದು. ಗಳಿಸಿದ ಅಂಕಗಳು 52 ವಾರಗಳಾದೊಡನೆ ಲೆಕ್ಕದಿಂದ ಅಳಿಯುತ್ತವೆ. ಪ್ರವೇಶ ನಿರ್ಧಾರವಾಗುವುದು ಇಬ್ಬರ ಶ್ರೇಯಾಂಕಗಳನ್ನು ಕೂಡಿಸಿ. ಆದುದರಿಂದ ಒಬ್ಬನ ಮಂಡಿನೋವು ಇಬ್ಬರ ಜೀವನೋಪಾಯಕ್ಕೂ ಹೊಡೆತ.

ಟೆನಿಸ್ಸಿನ ಪ್ರಾಮಾಣಿಕತೆಯನ್ನು ಕುರಿತು ಸ್ವತಂತ್ರ ಸಮಿತಿಯೊಂದು 2018ರಲ್ಲಿ ವರದಿ ನೀಡಿತು. ಸುಮಾರು 15,000 ವೃತ್ತಿಪರರಲ್ಲಿ ಖರ್ಚು ಸರಿದೂಗಿಸುವಷ್ಟು ಗಳಿಸುವವರು ಮೇಲಿನ 250ರಿಂದ 350 ಮಂದಿ ಮಾತ್ರವೆಂದು ಅದು ಹೇಳಿತು. ಜೂಜುಕೋರನ ಕರೆ ಬರುವುದು ಇಂಥ ಕೊರತೆಯ ಹೊತ್ತಿನಲ್ಲಿಯೇ. ಪಂದ್ಯವನ್ನೇ ಸೋಲಬೇಕೆಂದಿಲ್ಲ, ಒಂದು ಸೆಟ್ ಬಿಟ್ಟುಕೊಟ್ಟರೆ ಸಾಕು ಎಂಬುದು ಆ ಪ್ರಲೋಭನೆಯ ಮಾತು. ಬಹುಮಾನಕ್ಕಿಂತ ಲಂಚವೇ ಹೆಚ್ಚಾಗಿರುವುದೂ ಉಂಟು.

ಇಲ್ಲಿ ಡಬಲ್ಸ್ ಆಟಗಾರನ ಹೊಣೆ ಇಮ್ಮಡಿಯಾಗುತ್ತದೆ. ಸಿಂಗಲ್ಸ್‌ನಲ್ಲಿ ಬೇಕೆಂದೇ ಸೋತವನು ತನ್ನ ಅಂಕಗಳನ್ನು ಮಾರುತ್ತಾನೆ. ಡಬಲ್ಸ್‌ನಲ್ಲಿ ಸೋತವನು ಏನೂ ಅರಿಯದ ಜೊತೆಗಾರನ ಬೆವರನ್ನೂ ಮಾರುತ್ತಾನೆ. ನಮ್ಮ ದೇಶದ 1932ರ ಪಾಲುದಾರಿಕೆ ಕಾಯಿದೆಯ ಪ್ರಕಾರ ಸಂಸ್ಥೆಯ ವ್ಯವಹಾರಕ್ಕೆ ಪ್ರತಿಯೊಬ್ಬ ಪಾಲುದಾರನೂ ಬಾಧ್ಯನೆಂಬುದನ್ನು ವರ್ತಕರು ಬಲ್ಲರು. ಆಟದಲ್ಲಿ ಶಿಕ್ಷೆ ತಪ್ಪಿತಸ್ಥನೊಬ್ಬನಿಗೇ ಆದರೂ ನಷ್ಟ ಇಬ್ಬರಿಗೂ ತಟ್ಟುತ್ತದೆ. ಆಮಿಷವನ್ನು ನಿರಾಕರಿಸಿದರಷ್ಟೇ ಸಾಲದು. ಅದನ್ನು ವರದಿ ಮಾಡದೆ ಮೌನವಾಗಿರುವುದೂ ನಿಯಮದಂತೆ ಅಪರಾಧವೇ. ವ್ಯಾಪಾರದಲ್ಲಿಯೂ ಕಳ್ಳಲೆಕ್ಕವನ್ನು ಕಂಡೂ ಕಾಣದಂತಿರುವವನು ಅದರಲ್ಲಿ ಪಾಲು ಪಡೆದವನೇ ಅಲ್ಲವೆ?

ಸಣ್ಣ ಪಂದ್ಯಾವಳಿಗಳಲ್ಲಿ ವರ್ಷಗಟ್ಟಲೆ ಆಡಿದ ಭಾರತದ ಪೂರವ್ ರಾಜಾ ಮತ್ತು ದಿವಿಜ್ ಶರಣ್ 2013ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಮೊದಲ ಎಟಿಪಿ ಪ್ರಶಸ್ತಿ ಗೆದ್ದರು. 2016ರಲ್ಲಿ ಮೆಕ್ಸಿಕೋದ ಲಾಸ್ ಕಾಬೋಸ್‌ನಲ್ಲಿ ಮತ್ತೊಂದನ್ನು ಗಳಿಸಿದರು. ಕೊಡಗಿನ ರೋಹನ್ ಬೋಪಣ್ಣ 2024ರ ಜನವರಿಯಲ್ಲಿ, 43ನೆಯ ವಯಸ್ಸಿನಲ್ಲಿ, ಡಬಲ್ಸ್‌ನ ಪ್ರಥಮ ಶ್ರೇಯಾಂಕ ಪಡೆದರು. ಆದರೆ ಪರಿಶ್ರಮಿಗಳೆಲ್ಲರಿಗೂ ಇಂಥ ಫಲ ದೊರೆಯುವುದಿಲ್ಲ. ನೂರಾರು ಮಂದಿ ಪ್ರಶಸ್ತಿಯಿಲ್ಲದೆ, ಸಾಲದೊಡನೆ ನಿವೃತ್ತರಾಗುತ್ತಾರೆ.

ಅಂಥವನ ವೃತ್ತಿ ವ್ಯರ್ಥವಾಯಿತೆನ್ನುವುದು ಸರಿಯಲ್ಲ. ಪ್ರೇಕ್ಷಕರಿಲ್ಲದ ಅಂಗಳದಲ್ಲಿ, ಸೋಲು ಖಚಿತವಾದ ಮೇಲೂ, ಜೊತೆಗಾರನಿಗಾಗಿ ಕೊನೆಯ ಚೆಂಡಿನವರೆಗೂ ಓಡಿದವನು ತನ್ನ ಪಾಲನ್ನು ಪೂರ್ತಿಯಾಗಿ ಸಲ್ಲಿಸಿದ್ದಾನೆ. ಲಾಭವಿಲ್ಲದಿದ್ದರೂ ಆತನ ಲೆಕ್ಕ ಶುದ್ಧವಾಗಿದೆ.